ಕೇಳಿದರೆ ಉತ್ತರ ಕೊಡುವ ಕಂಪ್ಯೂಟರ್

ನನ್ನದು ಕರಡು ತಿದ್ದುವ, ಪುಟ ಕಟ್ಟುವ ಕೆಲಸ. ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂತಿರುತ್ತೇನೆ. ಹಾಗಾಗಿ ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್‌ಗೆ ಹೋಗ್ತೀನಿ ಅಂದಾಗ ಗೊತ್ತಿದ್ದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಮಧ್ಯದಲ್ಲಿ ಕೆಲಸ ನಿಂತುಹೋದರೆ ಏನು ಮಾಡ್ತೀರಿ? ಕೆಲಸ ನಿಲ್ಲಲಿಲ್ಲ. ಈ ಬರಹವನ್ನೂ ಲಿನಕ್ಸಿನ ಒಂದು ರೂಪವಾದ ಲಿನಕ್ಸ್ ಮಿಂಟ್‌ನಲ್ಲೇ ಟೈಪ್ ಮಾಡುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಪ್ರೊಸೆಸರ್ ಕೂಡ ಒಂದು ಮಟ್ಟಕ್ಕಿಂತ ಹೊಸದಿರಬೇಕು. ಚೆನ್ನಾಗಿ ಓಡುತ್ತಿರುವ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡ ಎಷ್ಟೋ ಜನ ಲಿನಕ್ಸ್ ಬಗ್ಗೆ ವಿಚಾರಿಸತೊಡಗಿದ್ದು ಇದರಿಂದಲೇ. ನನ್ನ ಕಾರಣ ಬೇರೆ. ನನ್ನ ಯಂತ್ರದೊಳಗೆ ಏನು ನಡೀತಿದೆ ಅಂತ ನನಗೆ ಗೊತ್ತಾಗಬೇಕಿತ್ತು. ಏನಾದರೂ ಕೆಟ್ಟಾಗ ‘ಏನೋ ತೊಂದರೆಯಾಗಿದೆ’ ಅಂತಷ್ಟೇ ಹೇಳಿ ಸುಮ್ಮನಾಗುವ ಪರದೆ ನೋಡಿ ನೋಡಿ ಸಾಕಾಗಿತ್ತು.

ಈ ಸಿಟ್ಟು ಹೊಸದೇನಲ್ಲ. ಸ್ವತಂತ್ರ ತಂತ್ರಾಂಶದ ಚಳವಳಿ ಶುರುವಾಗಿದ್ದೇ ಇಂಥದ್ದರಿಂದ. ರಿಚರ್ಡ್ ಸ್ಟಾಲ್‌ಮನ್ ಅಮೆರಿಕದ ಎಂಐಟಿಯಲ್ಲಿದ್ದಾಗ ಅವರ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಹಾಳೆ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರ್‌ಗೆ ಅವರೇ ಕೋಡ್ ತಿದ್ದಿ, ಹಾಳೆ ಸಿಕ್ಕಿಕೊಂಡರೆ ಪ್ರಿಂಟಿಗೆ ಕಾಯುತ್ತಿದ್ದವರ ಪರದೆಗೆ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಅದರ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಸಿಗಲಿಲ್ಲ. 1983ರಲ್ಲಿ ಅವರು ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ಕರ್ನೆಲ್ (ಸಿಸ್ಟಮ್‌ನ ತಿರುಳು) ಹೊರಬಿಟ್ಟರು. ಮರುವರ್ಷ ಅದೂ ಗ್ನೂ ಪರವಾನಗಿಯಡಿ ಬಂತು. ಬಳಸಬಹುದು, ಒಳಗೆ ಇಣುಕಬಹುದು, ತಿದ್ದಬಹುದು, ತಿದ್ದಿದ್ದನ್ನು ಬೇರೆಯವರಿಗೆ ಹಂಚಬಹುದು. ನನಗೆ ಕೋಡ್ ಬರೆಯಲು ಬರುವುದಿಲ್ಲ. ಆದರೆ ಬರೆಯಬಲ್ಲವರಿಗೆ ಬಾಗಿಲು ತೆರೆದಿದೆ ಎಂಬುದರ ಲಾಭ ನನಗೂ ಸಿಗುತ್ತದೆ.

ಮೊದಲು ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದೆ. ಹಾರ್ಡ್ ಡಿಸ್ಕ್ ಮುಟ್ಟದೆ ಇಡೀ ಸಿಸ್ಟಮ್ ಅನ್ನು ಪರೀಕ್ಷೆ ಮಾಡಬಹುದು, ಅದೇ ಇದರ ದೊಡ್ಡ ಅನುಕೂಲ. ಡೌನ್‌ಲೋಡ್ ಮಾಡಿದ ಫೈಲ್ ಅಸಲಿಯೇ ಅಂತ ನೋಡುವ ಒಂದು ಹೆಜ್ಜೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ವೆಬ್‌ಸೈಟಿಗೇ ಕನ್ನ ಹಾಕಿ, ಡೌನ್‌ಲೋಡ್ ಕೊಂಡಿಯನ್ನು ಕಳ್ಳಬಾಗಿಲಿಟ್ಟ ನಕಲಿ ಫೈಲ್ ಕಡೆಗೆ ತಿರುಗಿಸಿದ್ದರು. ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಜೊತೆ ಅದರ ಮೇಲಿನ ಡಿಜಿಟಲ್ ಸಹಿಯನ್ನೂ ತಾಳೆ ನೋಡಬೇಕು. ಸೈಟೇ ಬೇರೆಯವರ ಕೈಗೆ ಹೋಗಿದ್ದರೆ ಅಲ್ಲಿರುವ ಚೆಕ್‌ಸಮ್ಮನ್ನೂ ಅವರು ಬದಲಿಸಬಹುದು, ಅಲ್ವಾ?

ಪರದೆ, ಕೀಬೋರ್ಡ್, ಧ್ವನಿ ಎಲ್ಲ ಸರಿಯಿತ್ತು. ವೈಫೈ ಮಾತ್ರ ಇರಲಿಲ್ಲ. ನನ್ನ ಮನಸ್ಸು ನಿಜಕ್ಕೂ ಗಟ್ಟಿಯಾಗಿದ್ದು ಈ ತೊಂದರೆಯಿಂದಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದು ಕರ್ನೆಲ್‌ನ ದಿನಚರಿ ನೋಡಿದೆ. ಯಂತ್ರ ಆನ್ ಆದಾಗಿನಿಂದ ಏನೇನು ನಡೆಯಿತು ಅನ್ನುವುದೆಲ್ಲ ಅಲ್ಲಿ ಸಾಲುಸಾಲಾಗಿ ಬಿದ್ದಿರುತ್ತದೆ. ಮೊದಲ ನೋಟಕ್ಕೆ ತಲೆ ತಿರುಗುತ್ತದೆ, ನಿಜ. ಆದರೆ ‘ಫರ್ಮ್‌ವೇರ್’ ಅಂತ ಹುಡುಕಿದರೆ ಸಾಕಾಯಿತು. ಒಂದು ಫೈಲಿನ ಪೂರ್ತಿ ಹೆಸರು ಕೊಟ್ಟು, ಅದನ್ನು ಲೋಡ್ ಮಾಡಲಾಗಲಿಲ್ಲ, ಎರರ್ ಮೈನಸ್ 2 ಎಂದಿತ್ತು. ಮೈನಸ್ 2 ಅಂದರೆ ಆ ಫೈಲೇ ಇಲ್ಲ ಅಂತ. ಅಂದರೆ ವೈಫೈ ಕಾರ್ಡ್ ಕೆಟ್ಟಿಲ್ಲ, ಅದನ್ನು ನಡೆಸುವ ಡ್ರೈವರ್ ಕೂಡ ಇದೆ. ಕಾರ್ಡಿನೊಳಗೆ ಇಳಿಸಬೇಕಾದ ಒಂದು ಫೈಲ್, ಅಂದರೆ ಫರ್ಮ್‌ವೇರ್, ಮಾತ್ರ ಇಲ್ಲ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಇಂಟರ್‌ನೆಟ್ ಹಂಚಿಕೊಂಡೆ. ಆ ಫೈಲಿರುವ ಪ್ಯಾಕೇಜ್ ಹಾಕಿದೆ. ಡ್ರೈವರ್ ಅನ್ನು ತೆಗೆದು ಮತ್ತೆ ಲೋಡ್ ಮಾಡಿದೆ. ವೈಫೈ ಪಟ್ಟಿ ಬಂತು.

ಏನು ಬೇಕು, ಎಲ್ಲಿ ಹುಡುಕಿದೆ, ಯಾಕೆ ಸಿಗಲಿಲ್ಲ ಅಂತ ಯಂತ್ರವೇ ಬರೆದಿಟ್ಟಿತ್ತು. ನಾನು ಓದಬೇಕಿತ್ತು, ಅಷ್ಟೇ. ಆವತ್ತೇ ಡಿಸ್ಕಿಗೆ ಹಾಕಿಬಿಟ್ಟೆ, ಬ್ಯಾಕಪ್ ತೆಗೆದಿಟ್ಟುಕೊಂಡು.

ಆದರೆ ಈ ಫರ್ಮ್‌ವೇರ್‌ಗಳು ಬಹುಪಾಲು ಸ್ವತಂತ್ರ ತಂತ್ರಾಂಶವಲ್ಲ. ಹಂಚಲು ಅನುಮತಿ ಇರುತ್ತದೆ, ಸೋರ್ಸ್ ಕೋಡ್ ಇರುವುದಿಲ್ಲ. ಇದನ್ನು ಜೊತೆಗೆ ಕೊಡಬೇಕೋ ಬೇಡವೋ ಅಂತ ಲಿನಕ್ಸಿನ ಇನ್ನೊಂದು ರೂಪವಾದ ಡೆಬಿಯನ್‌ನವರು ವರ್ಷಗಟ್ಟಲೆ ಚರ್ಚಿಸಿ, 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಿದರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ. ವೈಫೈ ಇಲ್ಲದೆ ಮೊದಲ ದಿನವೇ ವಾಪಸ್ ಹೋದವರಿಗೆ ಸ್ವಾತಂತ್ರ್ಯದ ಬಗ್ಗೆ ಹೇಳೋದು ಹೇಗೆ? ಆದರೂ ಆ ಒಂದು ತುಣುಕು ಮುಚ್ಚಿಯೇ ಇದೆ ಅನ್ನುವ ಬೇಸರ ನನಗಿದೆ.

ಮುಂದಿನ ತಲೆನೋವು ಫಾಂಟ್. ಮೈಕ್ರೋಸಾಫ್ಟ್‌ನ ಕ್ಯಾಲಿಬ್ರಿ ಫಾಂಟಿನಲ್ಲಿ ಮಾಡಿದ ಫೈಲ್ ಲಿಬ್ರೆಆಫೀಸ್ ಎಂಬ ಮುಕ್ತ ಆಫೀಸ್ ತಂತ್ರಾಂಶದಲ್ಲಿ ತೆರೆದರೆ ಸಾಲುಗಳು ಬೇರೆ ಕಡೆ ಮುರಿಯುತ್ತಿದ್ದವು, ಪುಟಗಳು ಜಾಸ್ತಿಯಾಗುತ್ತಿದ್ದವು. ನಮ್ಮ ಕೆಲಸದಲ್ಲಿ ಇದು ಸಣ್ಣ ವಿಷಯವಲ್ಲ. ಪುಟ ಸಂಖ್ಯೆ ಹೊರಳಿದರೆ ಪರಿವಿಡಿ, ಪದಸೂಚಿ ಎಲ್ಲ ಹೊರಳುತ್ತದೆ. ಇಲ್ಲೂ ಕೇಳಿದರೆ ಉತ್ತರ ಇತ್ತು. ಎಫ್‌ಸಿ-ಮ್ಯಾಚ್ ಅನ್ನುವ ಆದೇಶಕ್ಕೆ ಫಾಂಟಿನ ಹೆಸರು ಕೊಟ್ಟರೆ, ಅದಿಲ್ಲದಿದ್ದಾಗ ಯಾವುದನ್ನು ಬಳಸ್ತೀನಿ ಅಂತ ಹೇಳುತ್ತದೆ. ನನ್ನಲ್ಲಿ ಅದು ಅಗಲವಾದ ಬೇರೊಂದು ಫಾಂಟ್ ತೋರಿಸಿತು. ಕ್ಯಾಲಿಬ್ರಿಗೆ ಬದಲಿಯಾಗಿ ಕಾರ್ಲಿಟೊ ಅಂತ ಒಂದು ಮುಕ್ತ ಫಾಂಟ್ ಇದೆ. ಅಕ್ಷರಗಳ ರೂಪ ಬೇರೆ, ಆದರೆ ಪ್ರತಿ ಅಕ್ಷರದ ಅಗಲ ಕ್ಯಾಲಿಬ್ರಿಯಷ್ಟೇ. ಕೇಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಫಾಂಟುಗಳು. ಇವನ್ನು ಹಾಕಿದ ಮೇಲೆ ಸಾಲುಗಳು ತಮ್ಮ ಜಾಗಕ್ಕೆ ಬಂದವು.

ಕನ್ನಡ ಟೈಪಿಂಗ್ ಬಗ್ಗೆ ಹೆದರಿಕೆ ಬೇಡ. ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸ ಸಿಗುತ್ತವೆ. ನುಡಿಯಲ್ಲಿ ಕೈ ಪಳಗಿದ್ದರೆ ಕೆಜಿಪಿ ತಗೊಳ್ಳಿ. ಲೋಹಿತ್, ಗುಬ್ಬಿ, ನವಿಲು ಮುಕ್ತ ಫಾಂಟುಗಳು. ಯೂನಿಕೋಡ್‌ಗೆ ಮುಂಚಿನ ಹಳೆಯ ಫೈಲುಗಳನ್ನು ಪರಿವರ್ತಿಸಬೇಕಾಗುತ್ತದೆ, ಆದರೆ ಅದು ಯಾವ ಸಿಸ್ಟಮ್ ಆದರೂ ತಪ್ಪಿದ್ದಲ್ಲ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಎಡವಟ್ಟು ಆಗೋದು ಜಾಸ್ತಿ ಅಲ್ಲೇ.

ಪೂರ್ತಿ ಬಿಟ್ಟುಬಂದಿದ್ದೀರಾ ಅಂತ ಕೇಳಿದರೆ, ಇಲ್ಲ. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್ ಲಿನಕ್ಸಿಗೆ ಇಲ್ಲ. ಕೆಲವು ಪ್ರಕಾಶಕರು ಅದರ ಫೈಲನ್ನೇ ಕೇಳುತ್ತಾರೆ, ಅದಕ್ಕೆ ಬೇರೆ ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ. ಪಿಡಿಎಫ್ ಸಾಕು ಅನ್ನುವವರ ಕೆಲಸವನ್ನು ಅಂಥದ್ದೇ ಮುಕ್ತ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಮಾಡುತ್ತೇನೆ. ಹಿಂದೆ ಅದರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. 2024ರಲ್ಲಿ ಬಂದ 1.6 ಆವೃತ್ತಿಯಲ್ಲಿ ಆ ಕೊರತೆ ನೀಗಿದೆ. ಇನ್ನು ಟೈಮ್‌ಶಿಫ್ಟ್ ಅನ್ನು ಮೊದಲ ದಿನವೇ ಆನ್ ಮಾಡಿಕೊಳ್ಳಿ. ಅಪ್‌ಡೇಟ್‌ನಿಂದ ಏನಾದರೂ ಕೆಟ್ಟರೆ ಸಿಸ್ಟಮ್ ಅನ್ನು ಹಿಂದಿನ ಸ್ಥಿತಿಗೆ ತರಬಹುದು. ಆದರೆ ಅದು ನಿಮ್ಮ ಕಡತಗಳ ಬ್ಯಾಕಪ್ ಅಲ್ಲ, ಅದನ್ನು ಬೇರೆಯಾಗಿ ತೆಗೆದುಕೊಳ್ಳಬೇಕು.

ಲಿಬ್ರೆಆಫೀಸ್‌ನ ಮೆನುಗಳನ್ನು ಕನ್ನಡಕ್ಕೆ ಬದಲಿಸಿಕೊಂಡಿದ್ದೇನೆ. ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ, ಕೆಲವು ಕಡೆ ಅನುವಾದ ತೊಡಕಾಗಿದೆ. ಬೇರೆ ತಂತ್ರಾಂಶವಾಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದೆ. ಇದರ ಅನುವಾದ ನಡೆಯುವುದು ವೆಬ್ಲೇಟ್ ಎಂಬ ವೇದಿಕೆಯಲ್ಲಿ. ಬ್ರೌಸರ್ ಸಾಕು, ಕೋಡ್ ಗೊತ್ತಿರಬೇಕಿಲ್ಲ. ಒಂದೊಂದೇ ಸಾಲು ತೆರೆದು ಸಲಹೆ ಬರೆಯಬಹುದು. ಕರಡು ತಿದ್ದುವವರಿಗೆ ಇದಕ್ಕಿಂತ ಹಿಡಿಸುವ ಕೆಲಸ ಯಾವುದಿದೆ? ಬಿಡುವಾದಾಗ ಕೂತು ಮಾಡುತ್ತಿದ್ದೇನೆ. ಜೊತೆಗೆ ಯಾರಾದರೂ ಬರುವುದಾದರೆ ಲಿಬ್ರೆಆಫೀಸ್ ರೈಟರ್‌ನ ಫಾರ್ಮ್ಯಾಟ್ ಮೆನುವಿನಿಂದ ಶುರು ಮಾಡೋಣ.