ಬೆಂಚಿನ ಮೇಲೆ ಕೂತು ನೋಡಿ ಎಂದ ನಮ್ಮ ಸರ್

ಆಸ್ಪತ್ರೆ ಆಡಳಿತ ಓದಲು ಬಂದ ನಮ್ಮಲ್ಲಿ ಹೆಚ್ಚಿನವರಿಗೆ ಆ ಕೆಲಸ ಏನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಡಾಕ್ಟರು ಚಿಕಿತ್ಸೆ ಕೊಡುತ್ತಾರೆ, ನರ್ಸುಗಳು ರೋಗಿಗಳನ್ನು ನೋಡಿಕೊಳ್ಳುತ್ತಾರೆ, ಆಡಳಿತಾಧಿಕಾರಿ ಬಿಲ್ಲು ಮತ್ತು ಸಂಬಳದ ಲೆಕ್ಕ ನೋಡುತ್ತಾರೆ ಎಂದುಕೊಂಡಿದ್ದೆವು. ನಮ್ಮ ಆ ಎಣಿಕೆಯನ್ನು ಬದಲಿಸಿದವರು ಸರ್. ದೊಡ್ಡ ಆಸ್ಪತ್ರೆಯೊಂದರ ಆಡಳಿತ ನಡೆಸುತ್ತಲೇ ಅವರು ನಮ್ಮ ಕಾಲೇಜಿಗೆ ಬಂದು ಪಾಠ ಮಾಡುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆಸ್ಪತ್ರೆಯ ಹೊಸ ಕಟ್ಟಡದ ಕಲ್ಲಿನ ಮೇಲೂ ತಮ್ಮ ಹೆಸರು ಬೇಡ ಎಂದವರು ಅವರು. ಅವರ ಕೈಯಲ್ಲಿ ಕಲಿತವರಿಗೆ ಯಾರ ಬಗ್ಗೆ ಹೇಳುತ್ತಿದ್ದೇನೆ ಅಂತ ಶೀರ್ಷಿಕೆ ನೋಡಿದಾಗಲೇ ಗೊತ್ತಾಗಿರುತ್ತದೆ.

ಅವರ ಮೊದಲ ಪಾಠ ತರಗತಿಯಲ್ಲಿ ನಡೆಯುತ್ತಿರಲಿಲ್ಲ. ಪ್ರತಿ ಬ್ಯಾಚಿನವರನ್ನೂ ಓಪಿಡಿಗೆ, ಅಂದರೆ ಹೊರರೋಗಿಗಳ ವಿಭಾಗಕ್ಕೆ, ಕರೆದುಕೊಂಡು ಹೋಗಿ, ಕಾಯುವವರ ಬೆಂಚಿನ ಮೇಲೆ ಕೂರಿಸಿ, ತಾವು ಹೊರಟುಬಿಡುತ್ತಿದ್ದರು. ಐಡಿ ಕಾರ್ಡ್ ಹಾಕುವಂತಿಲ್ಲ, ಮೊಬೈಲ್ ತೆಗೆಯುವಂತಿಲ್ಲ. ಸುಮ್ನೆ ಕೂತು ನೋಡಬೇಕು. ಮಧ್ಯಾಹ್ನ ವಾಪಸ್ ಬಂದು ಕೇಳುತ್ತಿದ್ದರು: "ಪಕ್ಕದಲ್ಲಿದ್ದವರು ಯಾವುದಕ್ಕೆ ಎದ್ದು ಕೌಂಟರಿಗೆ ಹೋದರು? ಏನು ಕೇಳಿದರು? ಅದನ್ನು ಕೇಳುವ ಪರಿಸ್ಥಿತಿ ಯಾಕೆ ಬಂತು?"

ನಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಓದಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತಿತ್ತು. ಡಾಕ್ಟರು ಬಂದರಾ, ಇನ್ನು ಎಷ್ಟು ಹೊತ್ತು, ಶೌಚಾಲಯ ಎಲ್ಲಿದೆ, ರಿಪೋರ್ಟ್ ಯಾವ ಕಿಟಕಿಯಲ್ಲಿ ಕೊಡುತ್ತಾರೆ. ಜನ ಕೇಳಿದ್ದೆಲ್ಲ ಇಂಥವೇ. ಎಲ್ಲದಕ್ಕೂ ಆಸ್ಪತ್ರೆಯ ಹತ್ತಿರ ಉತ್ತರ ಇತ್ತು. ಯಾರೂ ಹೇಳಿರಲಿಲ್ಲ, ಅಷ್ಟೆ. "ಕಾಯಿಲೆಯ ಭಯವನ್ನು ಡಾಕ್ಟರು ನೋಡಿಕೊಳ್ಳಲಿ. ಕಾಯುವವರ ಭಯ ನಮ್ಮ ಕೆಲಸ" ಎನ್ನುತ್ತಿದ್ದರು ಸರ್. ಅವರ ಇಡೀ ಆಡಳಿತ ಈ ಒಂದು ಮಾತಿನ ಸುತ್ತ ಇತ್ತು ಅಂತ ನನಗೆ ಈಗ ಅನಿಸುತ್ತದೆ.

ಡಿಸ್ಚಾರ್ಜ್ ವಿಷಯವನ್ನೇ ನೋಡಿ. ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಎನ್ನುತ್ತಾರೆ. ಮನೆಯವರು ಬಟ್ಟೆಬರೆ ಕಟ್ಟಿಟ್ಟು ಕೂತಿರುತ್ತಾರೆ. ಸಂಜೆಯಾದರೂ ಹೊರಡಲು ಆಗುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳಲ್ಲೂ ಇರುವ ತೊಂದರೆ ಇದು. ಎಲ್ಲಿ ತಡವಾಗುತ್ತಿದೆ ಅಂತ ಸರ್ ಯಾರನ್ನೂ ಗದರಿಸಿ ಕೇಳಲಿಲ್ಲ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲಿನ ಹಿಂದೆ ನಡೆಯಲು ಹೇಳಿದರು. ಫೈಲು ಹೋದ ಕಡೆ ನಾವೂ ಹೋಗಬೇಕು, ಅದು ಮೇಜಿನ ಮೇಲೆ ಕೂತರೆ ನಾವೂ ನಿಂತು ಗಡಿಯಾರ ನೋಡಿ ಬರೆಯಬೇಕು. ಸಮರಿ, ಅಂದರೆ ರೋಗಿಗೆ ಕೊಟ್ಟ ಚಿಕಿತ್ಸೆಯ ಸಾರಾಂಶ, ಬರೆಯುವ ಕಿರಿಯ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ ಇರುತ್ತಿದ್ದರು. ಮಿಕ್ಕ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಎಣಿಕೆಯಾಗುವವರೆಗೆ ಬಿಲ್ ಮುಗಿಯುತ್ತಿರಲಿಲ್ಲ. ಲ್ಯಾಬಿನ ಕೊನೆಯ ರಿಪೋರ್ಟ್ ಬಂದಿರುತ್ತಿರಲಿಲ್ಲ. ಇನ್ಶೂರೆನ್ಸ್ ಇದ್ದರೆ ಅವರ ಒಪ್ಪಿಗೆಗೆ ಮತ್ತೆ ಕಾಯಬೇಕು.

ಸರ್ ಮಾಡಿದ ಬದಲಾವಣೆ ತುಂಬಾ ಸರಳ. ನಾಳೆ ಯಾರು ಮನೆಗೆ ಹೋಗಬಹುದು ಎಂಬ ಪಟ್ಟಿ ಹಿಂದಿನ ಸಂಜೆಯೇ ತಯಾರಾಗಬೇಕು. ಸಮರಿಯ ಕರಡು ಅವತ್ತೇ ಬರೆದಿರಬೇಕು. ಬೇಡದ ಔಷಧಿ ರಾತ್ರಿಯೇ ಫಾರ್ಮಸಿಗೆ ಹಿಂತಿರುಗಬೇಕು. ಬೆಳಿಗ್ಗೆ ಉಳಿಯುವುದು ಡಾಕ್ಟರ ಕೊನೆಯ ತೀರ್ಮಾನ ಮತ್ತು ಸಹಿ ಮಾತ್ರ. ಒಬ್ಬರು ಬೇಗ ಮನೆಗೆ ಹೋದರೆ ಕ್ಯಾಶುವಾಲ್ಟಿಯಲ್ಲಿ ಸ್ಟ್ರೆಚರ್ ಮೇಲೆ ಮಲಗಿ ಬೆಡ್‌ಗೆ ಕಾಯುತ್ತಿರುವ ಇನ್ನೊಬ್ಬರು ಬೇಗ ಮೇಲೆ ಬರುತ್ತಾರೆ. ಇದು ನಮಗೆ ಕಂಡದ್ದು ಫೈಲಿನ ಹಿಂದೆ ನಡೆದ ಮೇಲೆಯೇ.

ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಅವರು ಮಾಡಿದ ಪಾಠ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ದೀಪ ಹಿಡಿದು ರಾತ್ರಿ ರೋಗಿಗಳ ನಡುವೆ ಓಡಾಡಿದ ಮಹಿಳೆ ಅಂತ ಎಲ್ಲರಿಗೂ ಗೊತ್ತು. ಸರ್ ದೀಪದ ಮಾತನ್ನೇ ಎತ್ತಲಿಲ್ಲ, ಚರಂಡಿಯ ಬಗ್ಗೆ ಹೇಳಿದರು. ಕ್ರಿಮಿಯಾ ಯುದ್ಧದ ವೇಳೆ, 1854ರ ನವೆಂಬರಿನಲ್ಲಿ ಆಕೆ ಈಗಿನ ಇಸ್ತಾಂಬುಲ್ ನಗರದಲ್ಲಿರುವ ಸ್ಕುಟಾರಿಯ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ ಹೋದರು. ಹೋದ ಮೇಲೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿ ಸಾಯುವವರ ಪ್ರಮಾಣ ನೂರಕ್ಕೆ ಸುಮಾರು 42ಕ್ಕೆ ಏರಿತ್ತು. ಮಾರ್ಚ್‌ನಲ್ಲಿ ಬ್ರಿಟನ್ನಿನಿಂದ ನೈರ್ಮಲ್ಯ ಆಯೋಗ ಬಂತು. ಕಟ್ಟಡದ ಕೆಳಗೆ ಕಟ್ಟಿಕೊಂಡಿದ್ದ ಚರಂಡಿಗಳನ್ನು ತೊಳೆಸಿತು, ಗಾಳಿ ಆಡುವಂತೆ ಮಾಡಿತು. ಜೂನ್ ಹೊತ್ತಿಗೆ ಅದೇ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಕೊಳೆಯ ಪಾಲು ಎಷ್ಟು ದೊಡ್ಡದಿತ್ತು ಎಂಬುದು ನೈಟಿಂಗೇಲ್‌ಗೆ ಪೂರ್ತಿ ತಿಳಿದದ್ದು ಇಂಗ್ಲೆಂಡಿಗೆ ಮರಳಿ ಅಂಕಿಗಳನ್ನು ಜೋಡಿಸಿ ನೋಡಿದ ಮೇಲೆ. ಗಾಯದಿಂದ ಸತ್ತವರಿಗಿಂತ ತಡೆಯಬಹುದಾದ ರೋಗದಿಂದ ಸತ್ತವರೇ ಜಾಸ್ತಿ ಎಂಬುದನ್ನು ಆಕೆ 1858ರಲ್ಲಿ ಚಿತ್ರ ಬರೆದು ತೋರಿಸಿದರು.

"ಹಾಗಿದ್ದರೆ ಚರಂಡಿ ತೊಳೆದವನೂ ಚಿಕಿತ್ಸೆ ಕೊಟ್ಟ ಹಾಗೇ ಅಲ್ವಾ?" ಎಂದು ಸರ್ ಕೇಳಿದಾಗ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಅವರು ಅದನ್ನು ಬಾಯಿ ಮಾತಿಗೆ ಹೇಳಿದ್ದಲ್ಲ. ಅವರ ಬೆಳಗಿನ ರೌಂಡ್ಸ್ ಐಸಿಯುನಿಂದ ಶುರುವಾಗುತ್ತಿರಲಿಲ್ಲ. ಕಸ ಸಂಗ್ರಹಿಸುವ ಜಾಗ, ಲಾಂಡ್ರಿ, ಅಡುಗೆಮನೆ, ನೀರಿನ ಟ್ಯಾಂಕು ಮುಗಿಸಿಯೇ ವಾರ್ಡಿಗೆ ಬರುತ್ತಿದ್ದರು. ಹೌಸ್‌ಕೀಪಿಂಗ್‌ನವರು, ಆಯಾಗಳು, ವಾರ್ಡ್ ಬಾಯ್‌ಗಳು ಎಲ್ಲರ ಹೆಸರೂ ಗೊತ್ತಿತ್ತು. ಹೆಸರು ಹಿಡಿದೇ ಮಾತಾಡಿಸುತ್ತಿದ್ದರು, ವಯಸ್ಸಾದವರಿಗೆ ಹೆಸರಿನ ಜೊತೆ ಅಮ್ಮ, ಅಣ್ಣ ಸೇರುತ್ತಿತ್ತು.

ಆಪರೇಷನ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ ಒಮ್ಮೊಮ್ಮೆ ನಿಂತು ಗಟ್ಟಿಯಾಗಿ ಓದಿ ಖಾತ್ರಿ ಮಾಡಿಕೊಳ್ಳಬೇಕು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. 2009ರಲ್ಲಿ ಆ ವರದಿ ಬಂತು. ಸರ್‌ಗೆ ಆ ಪಟ್ಟಿಯಲ್ಲಿ ತುಂಬಾ ಇಷ್ಟವಾದದ್ದು, ಥಿಯೇಟರಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಎಂಬ ಅಂಶ. ತನ್ನ ಹೆಸರು ಹೇಳಿಕೊಂಡ ನರ್ಸ್ ತಪ್ಪು ಕಂಡರೆ "ಡಾಕ್ಟರೇ, ಒಂದು ನಿಮಿಷ" ಎನ್ನಲು ಹೆದರುವುದಿಲ್ಲ ಎನ್ನುತ್ತಿದ್ದರು.

ಇಷ್ಟೆಲ್ಲ ಆಸ್ಪತ್ರೆಯ ಮಾತಾಯಿತು. ಆದರೆ ಅವರ ಮನೆಯನ್ನು ನೋಡದವರಿಗೆ ಸರ್ ಅರ್ಧ ಮಾತ್ರ ಗೊತ್ತು.

ಅವರ ತಾಯಿಗೆ ಪಾರ್ಶ್ವವಾಯು ಹೊಡೆದು ಹಲವು ವರ್ಷ ಹಾಸಿಗೆಯಲ್ಲೇ ಇದ್ದರು. ಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸಬೇಕು. ಬದಲಿಸಿದವರು ಸಮಯ ಬರೆಯಬೇಕು, ಯಾವ ಮಗ್ಗುಲು ಅಂತ ಬರೆಯಬೇಕು, ಸೊಂಟ, ಬೆನ್ನಿನ ತಳಭಾಗ, ಹಿಮ್ಮಡಿಯ ಚರ್ಮ ಕೆಂಪಾಗಿದೆಯಾ ನೋಡಬೇಕು. ಸರ್, ಅವರ ಹೆಂಡತಿ, ಇಬ್ಬರು ಮಕ್ಕಳು, ನಾಲ್ವರೂ ಪಾಳಿ ಹಂಚಿಕೊಂಡಿದ್ದರು. ರಾತ್ರಿ ಎರಡು ಗಂಟೆಯದ್ದು ಯಾವಾಗಲೂ ಸರ್ ಪಾಲು. ಬೆಡ್‌ಸೋರ್ ಬಗ್ಗೆ ನಮಗೆ ಅವರು ಪಾಠ ಮಾಡಿದ್ದು ಆ ಹಾಳೆಯನ್ನೇ ತಂದು ತೋರಿಸಿ. ಒಂದೇ ಕಡೆ ಒತ್ತಡ ಬಿದ್ದರೆ ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಚರ್ಮ ಸಾಯುತ್ತದೆ, ಹುಣ್ಣು ಮೂಳೆಯವರೆಗೆ ಇಳಿಯಬಹುದು. ಬಂದ ಮೇಲೆ ವಾಸಿ ಮಾಡಲು ತಿಂಗಳುಗಟ್ಟಲೆ ಬೇಕು. ಬರದಂತೆ ತಡೆಯಲು ಬೇಕಾದದ್ದು ಕೈ ಮತ್ತು ಗಡಿಯಾರ.

ಹಗಲಿನ ಹೆಚ್ಚಿನ ಭಾರ ಹೊತ್ತವರು ಅವರ ಹೆಂಡತಿ. ಸರ್ ಅದನ್ನು ಎಲ್ಲರೆದುರು ಹೇಳುತ್ತಿದ್ದರು, ಒಂದು ಸಲವೂ ಮುಚ್ಚಿಡಲಿಲ್ಲ. ನೋಡಿಕೊಳ್ಳುವವರ ಬೆನ್ನು ಎಷ್ಟು ನೋಯುತ್ತದೆ, ನಿದ್ದೆ ಇಲ್ಲದೆ ಮನಸ್ಸು ಹೇಗೆ ಸಿಡಿಮಿಡಿಗೊಳ್ಳುತ್ತದೆ ಅಂತ ಅವರಿಗೆ ಮನೆಯಲ್ಲೇ ಗೊತ್ತಾಗಿತ್ತು. ಅದಕ್ಕೇ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದವರು ಮಲಗಲು ಒಂದು ಹಾಲ್ ಮಾಡಿಸಿದರು. ಸ್ನಾನಕ್ಕೆ ಬಿಸಿನೀರು, ಸಾಮಾನಿಡಲು ಬೀಗ ಹಾಕುವ ಗೂಡು, ಹೆಂಗಸರಿಗೆ ಬೇರೆ ಕೋಣೆ. ಆ ಜಾಗದಲ್ಲಿ ಇನ್ನೂ ನಾಲ್ಕು ಪ್ರೈವೇಟ್ ರೂಮ್ ಕಟ್ಟಿದ್ದರೆ ಲಾಭ ಬರುತ್ತಿತ್ತು ಎಂದವರಿದ್ದರು. ಸರ್ ಜಗ್ಗಲಿಲ್ಲ.

ಅವರು ದೈವಭಕ್ತರು. ಬೆಳಿಗ್ಗೆ ಪ್ರಾರ್ಥನೆ ಮಾಡದೆ ಮನೆಯಿಂದ ಹೊರಟವರಲ್ಲ. ಆದರೆ ತಮ್ಮ ನಂಬಿಕೆಯನ್ನು ಇನ್ನೊಬ್ಬರ ಮೇಲೆ ಹೇರಿದ್ದನ್ನು ನಾನು ಕಂಡಿಲ್ಲ. ಆಸ್ಪತ್ರೆಯಲ್ಲಿ ಒಂದು ಪ್ರಾರ್ಥನಾ ಕೋಣೆ ಮಾಡಿಸಿದರು. ಅಲ್ಲಿ ಯಾವ ಚಿತ್ರವೂ ಇರಲಿಲ್ಲ. ಚಾಪೆ, ಕುರ್ಚಿ, ನೀರು ಇದ್ದವು. ಯಾರು ಬೇಕಾದರೂ ತಮ್ಮ ದೇವರನ್ನು ಅಲ್ಲಿ ಕರೆಯಬಹುದಿತ್ತು. ದೇವರನ್ನು ನಂಬದವರು ಅಳಲಿಕ್ಕೆ ಹೋಗಿ ಕೂರುತ್ತಿದ್ದರು, ಅದಕ್ಕೂ ಜಾಗ ಬೇಕಲ್ಲ. ಯಾರಾದರೂ ತೀರಿಕೊಂಡರೆ ದೇಹವನ್ನು ತೊಳೆಯುವುದು, ಹೊದಿಸುವುದು, ಯಾವ ದಿಕ್ಕಿಗೆ ಮಲಗಿಸುವುದು ಎಂಬುದನ್ನು ಮೊದಲು ಮನೆಯವರನ್ನು ಕೇಳಿ ಎಂದು ಸಿಬ್ಬಂದಿಗೆ ಹೇಳಿದ್ದರು. ಬಿಲ್ಲಿನ ಮಾತು ಆಮೇಲೆ. ನಂಬಿಕೆ ಅವರಿಗೆ ಮಾತಾಡುವ ವಿಷಯ ಆಗಿರಲಿಲ್ಲ, ಬೆಳಿಗ್ಗೆ ಎದ್ದು ಮಾಡುವ ಕೆಲಸ ಆಗಿತ್ತು.

ಭಾನುವಾರಗಳು ರಕ್ತದಾನಕ್ಕೆ. ಇದರಲ್ಲೂ ಅವರದು ಬೇರೆ ದಾರಿ. ಒಂದೇ ದಿನ ನೂರಾರು ಜನರನ್ನು ಸೇರಿಸಿ ದೊಡ್ಡ ಶಿಬಿರ ಮಾಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ತಂಪಿನಲ್ಲಿ, ಸೇರಿಸುವ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಟ್ಟರೂ ಸಾಮಾನ್ಯವಾಗಿ ಉಳಿಯುವುದು 5 ದಿನ. ಒಂದೇ ದಿನ ಎಲ್ಲರೂ ಕೊಟ್ಟರೆ ಒಂದಷ್ಟು ಹಾಳಾಗುತ್ತದೆ, ಮುಂದಿನ ತಿಂಗಳು ಬೇಕಾದಾಗ ಕೊಡುವವರೇ ಸಿಗುವುದಿಲ್ಲ, ಏಕೆಂದರೆ ಒಮ್ಮೆ ಕೊಟ್ಟವರು ಮತ್ತೆ ಕೊಡಲು ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೆ ದಾನಿಗಳನ್ನು ಗುಂಪು ಮಾಡಿ, ವಾರಕ್ಕೊಂದು ಗುಂಪು ಬರುವಂತೆ ಪಟ್ಟಿ ಇಟ್ಟಿದ್ದರು. ಫೋಟೋ ಚೆನ್ನಾಗಿ ಬರುವುದಿಲ್ಲ, ಆದರೆ ಫ್ರಿಜ್ ಖಾಲಿಯಾಗುವುದಿಲ್ಲ. ನಾನು ಈಗ ಕೆಲಸ ಮಾಡುವ ಕಡೆಯೂ ಇದನ್ನೇ ತಂದಿದ್ದೇನೆ.

2020 ಬಂತು. ಕೋವಿಡ್ ವಾರ್ಡಿಗೆ ಮನೆಯವರನ್ನು ಬಿಡುವಂತಿರಲಿಲ್ಲ. ಇಡೀ ಜೀವಮಾನ ಕಾಯುವವರ ಬಗ್ಗೆ ಯೋಚಿಸಿದ ಮನುಷ್ಯ, ಅವರನ್ನು ಗೇಟಿನ ಹೊರಗೇ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಬೇಕಾಯಿತು. ಆ ಸಂಕಟವನ್ನು ಫೋನಿನಲ್ಲಿ ಒಮ್ಮೆ ನನಗೆ ಹೇಳಿಕೊಂಡಿದ್ದರು. ಸಹಿ ಹಾಕಿದ ದಿನವೇ ಪ್ರತಿ ವಾರ್ಡಿಗೆ ಒಂದು ಫೋನ್ ಕೊಡಿಸಿ, ದಿನಕ್ಕೊಮ್ಮೆ ಪ್ರತಿ ಮನೆಗೂ ವಿಡಿಯೋ ಕಾಲ್ ಹೋಗಬೇಕು ಎಂದು ನಿಯಮ ಮಾಡಿದರು. ಮಾತಾಡಲಾಗದ ರೋಗಿಯ ಕಿವಿಯ ಹತ್ತಿರ ಫೋನ್ ಹಿಡಿದು, ಮನೆಯವರು ಅಲ್ಲಿಂದ ಹೇಳುವ ಪ್ರಾರ್ಥನೆಯನ್ನು ಕೇಳಿಸಿದ ಸಿಸ್ಟರ್‌ಗಳು ನಮ್ಮ ಕಾಲೇಜಿನವರೂ ಇದ್ದಾರೆ. ಅವರೂ ಈ ಸಂಚಿಕೆಯನ್ನು ಓದುತ್ತಾರೆ ಅಂದುಕೊಂಡಿದ್ದೇನೆ.

ತಾಯಿಗೆ ಸೋಂಕು ತಗಲಬಾರದು ಅಂತ ಸರ್ ಆ ದಿನಗಳಲ್ಲಿ ಆಸ್ಪತ್ರೆಯ ಹಾಸ್ಟೆಲಿನಲ್ಲೇ ಉಳಿದರು. ಗೋಡೆಯ ಹಾಳೆಯ ಫೋಟೋ ರಾತ್ರಿ ಅವರ ಫೋನಿಗೆ ಬರುತ್ತಿತ್ತು. ಎರಡು ಗಂಟೆಯ ಪಾಳಿಯನ್ನು ಆಗ ಮಗಳು ವಹಿಸಿಕೊಂಡಿದ್ದಳು. ಮರುವರ್ಷ ತಾಯಿ ತೀರಿಕೊಂಡಾಗ ಸರ್ ಮನೆಯಲ್ಲೇ ಇದ್ದರು, ಹಾಸಿಗೆಯ ಪಕ್ಕದಲ್ಲೇ. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ ಎಂದು ಅವರ ಹೆಂಡತಿ ನಮ್ಮೆಲ್ಲರಿಗೆ ಹೇಳಿದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸರ್ ಮಾಡಿದ್ದು ಸರಿಯಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಎಲ್ಲರಿಗೂ ರಜೆ ತೆಗೆದುಕೊಳ್ಳಿ, ಚೆಕಪ್ ಮಾಡಿಸಿ ಎನ್ನುತ್ತಿದ್ದವರು ತಮ್ಮ ಎದೆನೋವನ್ನು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ನಮ್ಮ ಕಸುಬಿನಲ್ಲಿ ಇದು ತುಂಬಾ ಜನರ ಚಾಳಿ. ಓದುತ್ತಿರುವ ಕಿರಿಯರು ದಯವಿಟ್ಟು ಇದನ್ನು ಅವರಿಂದ ಕಲಿಯಬೇಡಿ. ಹೃದಯ ನಿಂತಾಗ ಅವರು ಮದುವೆ ಮನೆಯೊಂದರಲ್ಲಿದ್ದರು. ಸುತ್ತ ಜನ ಇದ್ದರು, ಆದರೆ ಎದೆ ಒತ್ತಲು ಗೊತ್ತಿದ್ದವರು ಯಾರೂ ಇರಲಿಲ್ಲ.

ಅದಕ್ಕೇ ಹಳೆಯ ವಿದ್ಯಾರ್ಥಿಗಳು ಸೇರಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಹರಿಸುವ ತರಬೇತಿ ಶುರುಮಾಡಿದ್ದೇವೆ. ಸರ್ ತಮ್ಮ ಆಸ್ಪತ್ರೆಯ ಸೆಕ್ಯುರಿಟಿಯವರಿಗೆ, ಡ್ರೈವರ್‌ಗಳಿಗೆ ಇದನ್ನು ಕಲಿಸುತ್ತಿದ್ದರು. ನಾವು ಹೊರಗಿನವರಿಗೂ ಕಲಿಸುತ್ತೇವೆ. ಎದೆಯ ನಡುವೆ ಅಂಗೈಯ ಬುಡ ಇಟ್ಟು, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ರಕ್ತ ಸಿಗದಿದ್ದರೆ ನಾಲ್ಕಾರು ನಿಮಿಷದಲ್ಲೇ ಮಿದುಳಿಗೆ ಪೆಟ್ಟಾಗಲು ಶುರುವಾಗುತ್ತದೆ, ಆಂಬುಲೆನ್ಸ್ ಅಷ್ಟು ಬೇಗ ಬರುವುದು ಕಷ್ಟ. ತರಬೇತಿ ತಿಂಗಳ ಎರಡನೇ ಭಾನುವಾರ, ಕಾಲೇಜಿನ ಹಳೆಯ ಹಾಲ್‌ನಲ್ಲಿ. ಆಫೀಸಿನಲ್ಲಿ ಹೆಸರು ಬರೆಸಿ. ವೈದ್ಯಕೀಯ ಓದಿರಬೇಕೆಂದಿಲ್ಲ, ಫೀಸೂ ಇಲ್ಲ. ಮಂಡಿ ನೋವಿರುವವರಿಗೆ ಗೊಂಬೆಯನ್ನು ಮೇಜಿನ ಮೇಲಿಟ್ಟು ಅಭ್ಯಾಸ ಮಾಡಿಸುತ್ತೇವೆ. ಮನೆಯವರನ್ನೂ ಕರೆತನ್ನಿ. ಸರ್ ಮಗಳು ಕಲಿಸಲು ಬರುತ್ತಾಳೆ.