ಕೆರೆ ಹೂಳಿನ ಮ್ಯಾಗ್ನೆಟ್ ಬ್ಯಾಕ್ಟೀರಿಯಾ: ಎರಡನೇ ಬಾಟಲಿ, ಐದನೇ ವಾರ

ಕೊನೆಗೂ ಸಿಕ್ಕವು, ಮ್ಯಾಗ್ನೆಟ್ ತೋರಿಸಿದ ದಿಕ್ಕು ಹಿಡಿದು ಈಜುವ ಬ್ಯಾಕ್ಟೀರಿಯಾ! ನಿನ್ನೆ ರಾತ್ರಿ ಹತ್ತೂವರೆಗೆ.

ಮೊದಲ ಬಾಟಲಿ ಯಾಕೆ ಕೈಕೊಟ್ಟಿತು ಅಂತ ಈಗ ಗೊತ್ತಾಗಿದೆ. ದಿನಾ ಅದನ್ನು ಎತ್ತಿ, ತಿರುಗಿಸಿ ನೋಡುತ್ತಿದ್ದೆ. ಇವು ಇರುವುದು ಆಮ್ಲಜನಕ ಇನ್ನೇನು ಮುಗಿಯಿತು ಅನ್ನುವ ತೆಳು ಪದರದಲ್ಲಿ. ನೀರು ಕಲಕಿದರೆ ಆ ಪದರವೇ ಉಳಿಯಲ್ಲ. ಈ ಸಲ ದೊಡ್ಡ ಉಪ್ಪಿನಕಾಯಿ ಬಾಟಲಿಗೆ ಮೂರನೇ ಒಂದು ಭಾಗ ಹೂಳು, ಮೇಲೆ ಅದೇ ಕೆರೆಯ ನೀರು ತುಂಬಿ, ಮುಚ್ಚಳ ಸಡಿಲ ಬಿಟ್ಟು ಕತ್ತಲೆ ಮೂಲೆಯಲ್ಲಿಟ್ಟೆ. ಮುಟ್ಟಲೇ ಇಲ್ಲ.

ನಿನ್ನೆ ಮ್ಯಾಗ್ನೆಟ್ಟಿನ ದಕ್ಷಿಣ ತುದಿಯನ್ನು ಬಾಟಲಿಯ ಹೊರಗೆ, ಹೂಳಿಗಿಂತ ಒಂದು ಬೆರಳು ಮೇಲೆ, ಟೇಪ್ ಹಾಕಿ ಅಂಟಿಸಿದೆ. ಗಂಟೆ ಬಿಟ್ಟು ಅದೇ ಜಾಗದಿಂದ ಡ್ರಾಪರ್‌ನಲ್ಲಿ ನೀರು ಎಳೆದೆ. ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಮೇಲೆ ಒಂದು ಹನಿ ಬಿಟ್ಟು, ತಲೆಕೆಳಗು ಮಾಡಿ, ರಬ್ಬರ್ ಉಂಗುರದ ಮೇಲೆ ಕೂರಿಸಿದೆ. ಮೈಕ್ರೋಸ್ಕೋಪಿನಲ್ಲಿ 400 ಪಟ್ಟು. ಪಕ್ಕದಲ್ಲಿ ಮತ್ತೆ ದಕ್ಷಿಣ ತುದಿ.

ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹನಿಯ ಅಂಚಿಗೆ ಪುಟ್ಟ ಚುಕ್ಕೆಗಳು ಒಂದೊಂದೇ ಬಂದು ಸೇರತೊಡಗಿದವು. ಮ್ಯಾಗ್ನೆಟ್ ತಿರುಗಿಸಿದೆ. ಅಷ್ಟೂ ಚುಕ್ಕೆಗಳು ಗಿರಕ್ಕನೆ ತಿರುಗಿ ಅಂಚು ಬಿಟ್ಟು ಹೊರಟವು. ಮತ್ತೆ ತಿರುಗಿಸಿದೆ, ವಾಪಸ್ ಬಂದವು. ಕಬ್ಬಿಣದ ಧೂಳಾಗಿದ್ದರೆ ಯಾವ ತುದಿ ಹಿಡಿದರೂ ಮ್ಯಾಗ್ನೆಟ್ ಕಡೆಗೇ ಬರುತ್ತಿತ್ತು. ಇವು ಈಜುತ್ತಿವೆ! ಎಷ್ಟು ಸಲ ತಿರುಗಿಸಿದೆನೋ ಲೆಕ್ಕವಿಲ್ಲ.

ಇವುಗಳ ಮೈಯೊಳಗೆ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಖನಿಜದ ಹರಳುಗಳ ಸರ ಇರುತ್ತದೆ, ಹರಳು ಒಂದೊಂದೂ ಸುಮಾರು 35ರಿಂದ 120 ನ್ಯಾನೋಮೀಟರ್. ನೀರಲ್ಲಿ ಕರಗಿದ ಕಬ್ಬಿಣದಿಂದ ತಾವೇ ಕಟ್ಟಿಕೊಂಡ ದಿಕ್ಸೂಚಿ. ನನ್ನ ಮೈಕ್ರೋಸ್ಕೋಪಿಗೆ ಆ ಸರ ಕಾಣಲ್ಲ. 1963ರಲ್ಲೇ ಇಟಲಿಯ ಪಾವಿಯಾದಲ್ಲಿ ಸಾಲ್ವತೋರೆ ಬೆಲ್ಲಿನಿ ಇವನ್ನು ಕಂಡು ಬರೆದಿಟ್ಟಿದ್ದರು. ಜಗತ್ತು ಕಿವಿಗೊಟ್ಟಿದ್ದು 1975ರಲ್ಲಿ, ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಬರೆದ ಮೇಲೆ. ಬೆಲ್ಲಿನಿ ನೆನೆದರೆ ಕರುಳು ಚುರ್ ಅನ್ನುತ್ತದೆ.

ಈಗ ತಲೆ ತಿನ್ನುತ್ತಿರುವುದು ಬೇರೆ. ಯುರೋಪಿನಲ್ಲಿ ಭೂಮಿಯ ಕಾಂತರೇಖೆಗಳು ಕಡಿದಾಗಿ ನೆಲಕ್ಕಿಳಿಯುತ್ತವೆ. ಅಲ್ಲಿ ಉತ್ತರಕ್ಕೆ ಈಜಿದರೆ ಕೆಳಗೆ ಹೂಳಿಗೇ ದಾರಿ. ನಮ್ಮಲ್ಲಿ? ಈ ರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಗೆರೆ, ಅಂದರೆ ಕಾಂತೀಯ ಸಮಭಾಜಕ, ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಹಾಗಾಗಿ ಕರ್ನಾಟಕದಲ್ಲಿ ರೇಖೆಗಳು ಹೆಚ್ಚುಕಡಿಮೆ ಮಲಗಿಕೊಂಡೇ ಇವೆ. ಇಂಥದ್ದೇ ಜಾಗ ಬ್ರೆಜಿಲ್‌ನ ಫೋರ್ತಲೇಜಾ. ಅಲ್ಲಿ ಉತ್ತರಕ್ಕೆ ಹೋಗುವವು, ದಕ್ಷಿಣಕ್ಕೆ ಹೋಗುವವು ಸರಿಸುಮಾರು ಸಮವಾಗಿ ಸಿಕ್ಕಿವೆ. ನನ್ನ ಹನಿಯಲ್ಲೂ ಎದುರು ಅಂಚಿನಲ್ಲಿ ಏಳೆಂಟು ಇದ್ದವು. ಆದರೆ ಉತ್ತರಕ್ಕೆ ಹೋಗುವವು ಬರುವುದು ಮ್ಯಾಗ್ನೆಟ್ಟಿನ ದಕ್ಷಿಣ ತುದಿಗೆ. ಆ ತುದಿ ಇಟ್ಟು ನೀರು ಎಳೆದಾಗಲೇ ಆಯ್ಕೆ ಆಗಿಹೋಯಿತು, ಅಲ್ವಾ?

ಭಾನುವಾರ ಬಾಟಲಿಯ ಒಂದು ಬದಿಗೆ ಉತ್ತರ ತುದಿ, ಇನ್ನೊಂದು ಬದಿಗೆ ದಕ್ಷಿಣ ತುದಿ ಅಂಟಿಸುತ್ತೇನೆ. ಎರಡೂ ಕಡೆಯಿಂದ ಹತ್ತತ್ತು ಹನಿ. ಮಗಳು ಎಣಿಸುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.