ಸುಣ್ಣದ ನೂಲು ಮತ್ತು ನಮ್ಮ ಡ್ರಿಲ್ ಮಾಸ್ಟರು

ನಮ್ಮ ಡ್ರಿಲ್ ಮಾಸ್ಟರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ಸಹಪಾಠಿಗಳ ನಡುವೆ ಮೊದಲು ಎದ್ದ ಮಾತು ಓಟಗಾರ್ತಿ ಪಿ.ಟಿ. ಉಷಾಳದ್ದು. ಎಂಬತ್ತರ ದಶಕದಲ್ಲಿ ಕಾಸರಗೋಡಿನ ಈ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ನೆನೆಯಲು ಆಗುವುದಿಲ್ಲ.

ಕಾಸರಗೋಡು ಆಗಿನ್ನೂ ಕಣ್ಣೂರು ಜಿಲ್ಲೆಯಲ್ಲಿತ್ತು. 1976ರಲ್ಲಿ ಉಷಾ ಸೇರಿದ ಕ್ರೀಡಾ ವಿಭಾಗವೂ ಕಣ್ಣೂರಿನದೇ. ಹಾಗಾಗಿ ‘ಆ ಹುಡುಗಿ ನಮ್ಮ ಜಿಲ್ಲೆಯಲ್ಲೇ ಓಡಲು ಕಲಿತವಳು’ ಎಂದು ಮಾಸ್ಟರು ಹಕ್ಕಿನಿಂದ ಹೇಳುತ್ತಿದ್ದರು. ಕುಂಬಳೆಯಲ್ಲಿ ರೈಲು ಹತ್ತಿದರೆ ಅದೇ ಹಳಿ ಅವಳ ಊರಾದ ಪಯ್ಯೋಳಿಯನ್ನು ದಾಟಿ ಹೋಗುತ್ತದೆ ಎಂಬುದು ಅವರಿಗೆ ದೊಡ್ಡ ಸಂಗತಿ.

ಊರೆಲ್ಲ ಅವಳ ಪದಕಗಳನ್ನು ಎಣಿಸುತ್ತಿದ್ದರೆ ಮಾಸ್ಟರು ಮಾತ್ರ ಮತ್ತೆ ಮತ್ತೆ 1980ರ ಮಾಸ್ಕೋಗೆ ಹೋಗುತ್ತಿದ್ದರು. ಹದಿನಾರರ ಉಷಾ ಅಲ್ಲಿ 100 ಮೀಟರ್ ಹೀಟ್ಸ್‌ನಲ್ಲಿ ಐದನೆಯವಳಾಗಿ, ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಮರಳಿ ಬಂದು ತರಬೇತುದಾರ ಒ.ಎಂ. ನಂಬಿಯಾರರ ಕೈಕೆಳಗೆ ಅಭ್ಯಾಸ ಮುಂದುವರಿಸಿದಳು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ 100, 200 ಎರಡರಲ್ಲೂ ಬೆಳ್ಳಿ. ಮರುವರ್ಷ ಕುವೈತಿನಲ್ಲಿ ನಡೆದ ಏಷ್ಯನ್ ಅಥ್ಲೆಟಿಕ್ಸ್‌ನ 400 ಮೀಟರಿನಲ್ಲಿ ಚಿನ್ನ. ‘ಮಾಸ್ಕೋದಿಂದ ಬರಿಗೈಯಲ್ಲಿ ಬಂದವಳನ್ನು ಯಾರೂ ಅವಸರಪಡಿಸಲಿಲ್ಲ, ಅದಕ್ಕೇ ಇದೆಲ್ಲ ಆಯಿತು’ ಎನ್ನುವುದು ಅವರ ತೀರ್ಮಾನ. ಉಪಜಿಲ್ಲಾ ಕೂಟದಲ್ಲಿ ಸೋತು ಬಂದ ಮಕ್ಕಳನ್ನು ಅವರು ಒಮ್ಮೆಯೂ ಗದರಿಸಿದ್ದಿಲ್ಲ.

1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸಿಗೆ ಬಂದದ್ದೇ ಆ ವರ್ಷ. ಉಷಾ ಸೆಮಿಫೈನಲ್ ಗೆದ್ದ ಸುದ್ದಿಯನ್ನು ನಮ್ಮ ಕನ್ನಡ ಪಂಡಿತರು ತರಗತಿಯಲ್ಲಿ ಪತ್ರಿಕೆ ಹಿಡಿದು, ಗಮಕದ ಧಾಟಿಯಲ್ಲಿ ಓದಿದರು. ಅಂದು ಯಾವ ಪದ್ಯದ ಪಾಠ ಇತ್ತೋ ನನಗೆ ನೆನಪಿಲ್ಲ. ಆ ಓದು ಮಾತ್ರ ಇಂದಿಗೂ ಕಿವಿಯಲ್ಲಿದೆ.

ಹತ್ತು ಹರ್ಡಲ್, ಒಂದೊಂದೂ ಎರಡೂವರೆ ಅಡಿ, ನಡುವೆ 35 ಮೀಟರ್ ಅಂತರ ಎಂದು ಮಾಸ್ಟರು ವಿವರಿಸಿದ್ದೇ ತಡ, ನಮಗೆ ಹರ್ಡಲ್ ಬೇಕಾಯಿತು. ಸಂಜೆ ಮೈದಾನದ ಪಕ್ಕದ ತರಕಾರಿ ಹಿತ್ತಿಲಿನ ಬೇಲಿಯಿಂದ ಅಡಿಕೆ ಸಲಕೆಗಳನ್ನು ಕಿತ್ತು, ಕತ್ತದ ಹಗ್ಗದಲ್ಲಿ ಬಿಗಿದು, ಮುರಕಲ್ಲುಗಳ ನಡುವೆ ನಿಲ್ಲಿಸಿದೆವು. ರಾತ್ರಿ ದನಗಳು ನುಗ್ಗಿ ಬೆಂಡೆಯ ಸಾಲನ್ನು ಪೂರ್ತಿ ಮೇಯ್ದಿದ್ದವು. ಬೆಳಿಗ್ಗೆ ಹಿತ್ತಿಲಿನ ಯಜಮಾನರು ಕೊಡೆ ಬೀಸುತ್ತ ಹೆಡ್‌ಮಾಸ್ಟರರ ಕೋಣೆಗೆ ಬಂದರು. ನಮ್ಮ ಮಾಸ್ಟರು ಮುಂದೆ ಬಂದು, ‘ಹೇಳಿಕೊಟ್ಟವನು ನಾನು, ನಷ್ಟವನ್ನೂ ನಾನೇ ಕೊಡುತ್ತೇನೆ’ ಎಂದರು. ಆಮೇಲೆ ಟೇಪು ತಂದು ನಮ್ಮ ಹರ್ಡಲ್‌ಗಳನ್ನು ಒಂದೊಂದಾಗಿ ಅಳೆದರು. ಎರಡು ಎತ್ತರ ಹೆಚ್ಚಾಗಿದ್ದವು. ಅವನ್ನು ಸರಿಮಾಡಿಸಿ, ಎಲ್ಲರನ್ನೂ ಒಂದು ಸುತ್ತು ಹಾರಿಸಿ, ಅನಂತರವೇ ಬೇಲಿ ಕಟ್ಟಿಸಿದರು.

ಫೈನಲ್‌ನಲ್ಲಿ ಉಷಾ 55.42 ಸೆಕೆಂಡಿನಲ್ಲಿ ಓಡಿದಳು. ಕಂಚು ಪಡೆದ ರೊಮೇನಿಯಾದ ಓಟಗಾರ್ತಿಯ ಸಮಯ 55.41. ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ ಪದಕ ಕೈತಪ್ಪಿತು. ಮಾಸ್ಟರು ಆ ದಿನ ಯಾರೊಂದಿಗೂ ಮಾತನಾಡಲಿಲ್ಲ. ಕೆಲವು ದಿನಗಳ ನಂತರ ದರ್ಜಿಯ ಅಂಗಡಿಯಿಂದ ನೂಲಿನ ಉಂಡೆ ತಂದರು. ನೂಲನ್ನು ಸುಣ್ಣದ ನೀರಿನಲ್ಲಿ ಅದ್ದಿ, ಓಟದ ಕೊನೆಯ ಗೆರೆಯ ಮೇಲೆ ಕಟ್ಟಿದರು. ‘ಗೆರೆ ದಾಟಬೇಕಾದ್ದು ಎದೆ. ಕಾಲು ಎಷ್ಟು ಮುಂದಿದ್ದರೂ ಲೆಕ್ಕಕ್ಕಿಲ್ಲ’ ಎಂದರು. ಅಂಗಿಯ ಎದೆಯ ಮೇಲೆ ಬಿಳಿ ಗೆರೆ ಬಿದ್ದವರು ಪಾಸು. ಹೊಟ್ಟೆಯ ಮೇಲೆ ಬಿದ್ದವರು ಇನ್ನೊಮ್ಮೆ ಓಡಬೇಕು. ಅಂಗಿ ಒಗೆದು ಸಾಕಾಗಿ ತಾಯಂದಿರು ದೂರು ಕೊಟ್ಟರೂ ನೂಲು ನಿಲ್ಲಲಿಲ್ಲ. ಮರುವರ್ಷ ಜಕಾರ್ತಾದ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ ಉಷಾ ಐದು ಚಿನ್ನ ಗೆದ್ದಾಗ ಅವರು ಶಾಲೆಗೆಲ್ಲ ಕಡಲೆ ಮಿಠಾಯಿ ಹಂಚಿದರು.

ಆ ನೂಲಿನ ಪಾಠದಿಂದಲೇ ನಾನು ಉಪಜಿಲ್ಲಾ ಕೂಟದ 200 ಮೀಟರಿನಲ್ಲಿ ಮೊದಲಿಗನಾದೆ. ಮುಂದೆ ಬ್ಯಾಂಕಿನಲ್ಲಿ ಅಧಿಕಾರಿಯಾಗಿ, ನೌಕರರ ಕ್ರೀಡಾಕೂಟಗಳಲ್ಲೂ ಓಡಿ ಕಪ್ ತಂದೆ. ನನ್ನ ಓಟವನ್ನು ನೋಡಿದವರು ‘ಯಾರ ತರಬೇತಿ?’ ಎಂದು ಕೇಳಿದಾಗಲೆಲ್ಲ ಈ ಶಾಲೆಯ ಹೆಸರನ್ನು ಹೇಳಿದ್ದೇನೆ, ಹೆಮ್ಮೆಯಿಂದ.

ಇಂದಿನ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ. ಆಟದ ಪಿರಿಯಡ್ಡಿಗೆ ಗಣಿತ ನುಗ್ಗುತ್ತದೆ, ಶಾಲೆ ಬಿಟ್ಟೊಡನೆ ಟ್ಯೂಷನ್ನಿನ ವ್ಯಾನು ಕಾಯುತ್ತಿರುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾದಂತೆ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮೊದಲು ಹೋಗುವುದು ಡ್ರಿಲ್ ಮಾಸ್ಟರರ ಹುದ್ದೆ. ಒಂದು ಓಟದಲ್ಲಿ ಸೋತ ಮಗುವನ್ನು ನಾಲ್ಕು ವರ್ಷ ಕಾಯುವ ವ್ಯವಧಾನ ಈಗ ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ.

ಹಳೆಯ ವಿದ್ಯಾರ್ಥಿಗಳು ಸೇರಿ ಹತ್ತು ಹರ್ಡಲ್‌ಗಳನ್ನು ಕೊಡಿಸುವುದೆಂದು ಮಾತಾಗಿದೆ. ನನ್ನ ಪಾಲಿನ ಹಣ ಸಿದ್ಧವಿದೆ. ವಾರ್ಷಿಕ ಕ್ರೀಡಾಕೂಟದಲ್ಲಿ ಹೆಣ್ಣುಮಕ್ಕಳ ಹರ್ಡಲ್ಸ್ ಸ್ಪರ್ಧೆಯನ್ನು ಸೇರಿಸಿ, ಅದಕ್ಕೆ ಮಾಸ್ಟರರ ಹೆಸರಿಡಬೇಕೆಂದು ಶಾಲೆಯವರಲ್ಲಿ ಕೇಳಿಕೊಳ್ಳುತ್ತೇನೆ. ಮಳೆ ಬಿಟ್ಟ ಕೂಡಲೇ ಬಂದು ಮೈದಾನಕ್ಕೆ ಗೆರೆ ಹಾಕಿಕೊಡುವ ಕೆಲಸ ನನ್ನದು.